ಬಾಣಂತಿ ಕೋಣೆಯ ಸೆಕೆ

ಆ ಸಂಜೆ ಮಳೆ ಬಂದಿತ್ತೋ ಇಲ್ಲವೋ ಎಂಬ ವಿಷಯದಲ್ಲಿ ನಮ್ಮ ಮನೆಯಲ್ಲಿ ಇವತ್ತಿಗೂ ಒಮ್ಮತವಿಲ್ಲ. ಅಮ್ಮನ ಪ್ರಕಾರ ಆಟೋದೊಳಗೆ ಹನಿ ಎರಚುತ್ತಿತ್ತು, ಅವಳ ಸೀರೆಯ ಅಂಚು ನೆನೆದಿತ್ತು. ನನ್ನ ಗಂಡನ ಪ್ರಕಾರ ಮೆಟ್ರೋ ಇಳಿದು ಅರ್ಧ ಓಡಿ ಅರ್ಧ ನಡೆದು ಅವನು ಬಂದ ರಸ್ತೆಯಲ್ಲಿ ಬರೀ ಧೂಳಿತ್ತು. ಅಜ್ಜಿ ಈ ಚರ್ಚೆಗೆ ಸೇರುವುದೇ ಇಲ್ಲ. ನನಗೆ ನೆನಪಿರುವುದು ಗಾಳಿ. ಆದರೆ ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಅದಕ್ಕೆ ಹಿಂದಿನ ವಾರಗಳಲ್ಲಿ ಗಾಳಿಗಾಗಿ ಎಷ್ಟು ಹಂಬಲಿಸಿದ್ದೆನೆಂದರೆ, ಬೀಸದೇ ಇದ್ದ ಗಾಳಿಯನ್ನೂ ಆ ಸಂಜೆಗೆ ಸೇರಿಸಿಕೊಂಡಿರಬಹುದು. ಆದ್ದರಿಂದ ಎಲ್ಲರೂ ಒಪ್ಪುವ ಸಂಗತಿಯಿಂದ ಶುರು ಮಾಡುತ್ತೇನೆ. ಮೇ ತಿಂಗಳು. ಮಗಳು ಹುಟ್ಟಿ ಇನ್ನೂ ತಿಂಗಳು ತುಂಬಿರಲಿಲ್ಲ. ಅವಳ ಮೈ ಸುಡುತ್ತಿತ್ತು.

ಚೊಚ್ಚಲ ಬಾಣಂತನ ತವರಿನಲ್ಲಿ ಎಂಬ ರೂಢಿಯಂತೆ ನಾನು ರಾಜರಾಜೇಶ್ವರಿನಗರದ ನಮ್ಮ ಫ್ಲ್ಯಾಟಿನಿಂದ ವಿಜಯನಗರದ ಅಮ್ಮನ ಮನೆಗೆ ಬಂದಿದ್ದೆ. ಫ್ಲ್ಯಾಟು ಎತ್ತರದಲ್ಲಿದೆ, ಅಲ್ಲಿ ಗಾಳಿಗೆ ಹಾರದಂತೆ ಗೋಡೆಯ ಕ್ಯಾಲೆಂಡರಿಗೂ ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿರುತ್ತೇವೆ. ಅಮ್ಮನದು ನೆಲಮಹಡಿ. ಸುತ್ತಲೂ ಮನೆಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿವೆ. ಪಕ್ಕದ ಮನೆಯವರು ಒಗ್ಗರಣೆ ಹಾಕಿದರೆ ನಾವು ಸೀನುತ್ತೇವೆ. ನನಗೂ ಮಗುವಿಗೂ ಕೊಟ್ಟದ್ದು ಒಳಗಿನ ಕೋಣೆ. ಒಂದು ಬದಿಗೆ ಬಚ್ಚಲು, ಇನ್ನೊಂದು ಬದಿಗೆ ಎರಡು ಮನೆಗಳ ನಡುವಿನ ಸಂದಿಗೆ ತೆರೆಯುವ ಒಂದು ಕಿಟಕಿ. ತೆರೆಯುವ ಎಂದೆ, ಆ ದಿನಗಳಲ್ಲಿ ಅದು ತೆರೆದದ್ದಿಲ್ಲ.

ಬಾಣಂತನ ಮಾಡಲು ಅಮ್ಮನ ತಾಯಿ ದಾವಣಗೆರೆಯ ಹತ್ತಿರದ ತನ್ನ ಊರಿನಿಂದ ಬಂದಿದ್ದಳು. ನಮ್ಮ ಕಡೆಯ ಹೆಣ್ಣುಮಕ್ಕಳ ಬಾಣಂತನವೆಲ್ಲ ಅವಳ ಕೈಯಲ್ಲೇ ಆದದ್ದು. ಆಸ್ಪತ್ರೆಯಿಂದ ನಾವು ಮನೆಗೆ ಬರುವ ಮೊದಲೇ ಅವಳು ಕೋಣೆಯನ್ನು ಸಜ್ಜುಗೊಳಿಸಿದ್ದಳು. ಕಿಟಕಿಯ ಸಂದುಗಳಿಗೆ ಬಟ್ಟೆ ತುರುಕಿದ್ದಳು, ಬಾಗಿಲ ಕೆಳಗಿನ ಬಿರುಕಿಗೆ ಹಳೆಯ ಸೀರೆಯೊಂದನ್ನು ಸುರುಳಿ ಸುತ್ತಿ ಒತ್ತಿದ್ದಳು. ಫ್ಯಾನಿನ ಸ್ವಿಚ್ಚಿನ ಮೇಲೆ ಗಾಯಕ್ಕೆ ಹಾಕುವ ಪ್ಲಾಸ್ಟರನ್ನು ಅಂಟಿಸಿದ್ದಳು. ಬಾಣಂತಿಯ ಮೈ ಹಸಿ, ಕೂಸಿನ ಮೈ ಇನ್ನೂ ಹಸಿ, ಗಾಳಿ ಹೊಕ್ಕರೆ ಮುಪ್ಪಿನವರೆಗೂ ಹೊರಗೆ ಹೋಗುವುದಿಲ್ಲ ಎನ್ನುವುದು ಅವಳ ವಾದ. ಒಂದು ಕದವನ್ನಾದರೂ ಸ್ವಲ್ಪ ಸರಿಸಲೇ ಎಂದು ನಾನು ಕೇಳಿದಾಗ ಅವಳು ಜಗಳವಾಡಲಿಲ್ಲ.

"ತೆಗಿಯವ್ವ, ತೆಗಿ. ಮುಂದೆ ಸೊಂಟ ನೋಯ್ತೈತಿ ಅಂದಾಗ ಆ ಕಿಟಕಿನೇ ಬಂದು ಎಣ್ಣಿ ತಿಕ್ಕತೈತಿ."

ನಿಜವೆಂದರೆ ಅವಳ ಮಾತಿಗೆ ನನ್ನ ಮೈಯೇ ಸಾಕ್ಷಿ ಹೇಳುತ್ತಿತ್ತು. ಗೀಸರಿನ ಬಿಸಿ ಅವಳಿಗೆ ಬಿಸಿಯೇ ಅಲ್ಲ. ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ಮರಳಿಸಿದ ನೀರನ್ನು ಬೆರೆಸಿ ಸೊಂಟದ ಮೇಲೆ ಚೊಂಬುಗಟ್ಟಲೆ ಸುರಿಯುತ್ತಿದ್ದಳು. ಆ ಸುಖದಲ್ಲಿ ಕಣ್ಣು ಮುಚ್ಚಿ ಕೂತಿರುವಾಗ ಅಮ್ಮ ಟವೆಲು ಕೊಡಲು ಬಾಗಿಲು ತೆಗೆದರೆ ಸಾಕು, ನಡುಮನೆಯ ಫ್ಯಾನಿನ ಗಾಳಿ ಒದ್ದೆ ಬೆನ್ನಿಗೆ ಬಡಿದು ಹಲ್ಲು ಕಟಕಟಿಸುತ್ತಿತ್ತು. ಮೇ ತಿಂಗಳ ಬೆಂಗಳೂರಿನಲ್ಲಿ ನಾನು ನಡುಗುತ್ತಿದ್ದೆ. ಅಜ್ಜಿ ಅಮ್ಮನ ಮುಖ ನೋಡಿ ಹುಬ್ಬು ಹಾರಿಸುತ್ತಿದ್ದಳು. ಬಾಯಿಬಿಟ್ಟು ಹೇಳುವ ಅಗತ್ಯವೇ ಇರಲಿಲ್ಲ.

ಹೀಗೆ ನಡುಗಿ ಕೋಣೆಗೆ ಬಂದ ಮೇಲೆ ಇನ್ನೊಂದು ಲೋಕ. ಬಚ್ಚಲಿನ ಹಬೆ ನಮ್ಮ ಹಿಂದೆಯೇ ಒಳಗೆ ಬರುತ್ತಿತ್ತು, ಬಂದದ್ದಕ್ಕೆ ಹೊರಗೆ ಹೋಗುವ ದಾರಿ ಇರಲಿಲ್ಲ. ಕೆಂಡದ ಮೇಲೆ ಸಾಂಬ್ರಾಣಿ. ನನ್ನ ತಲೆಗೆ ಸ್ಕಾರ್ಫು, ಕಿವಿಗೆ ಹತ್ತಿ, ಮೈಗೆ ಸ್ವೆಟರು. ಮಗುವಿಗೆ ಕುಲಾವಿ, ಉಣ್ಣೆಯ ಅಂಗಿ, ಕಾಲುಚೀಲ, ಮೇಲೆ ಬಿಗಿಯಾಗಿ ಸುತ್ತಿದ ಬಟ್ಟೆ, ಅದರ ಮೇಲೆ ಇನ್ನೊಂದು. ಬೆವರು ಬರುತ್ತಿತ್ತು, ಆರುತ್ತಿರಲಿಲ್ಲ. ಅದು ಮೈಮೇಲೆಯೇ ನಿಂತು ಇನ್ನೊಂದು ಚರ್ಮದಂತಾಗುತ್ತಿತ್ತು. ಕಿಟಕಿಯ ಪಕ್ಕದ ಗೋಡೆಯ ಬಣ್ಣ ಉಬ್ಬಿತ್ತು. ಬೆರಳಿನಿಂದ ಒತ್ತಿದರೆ ನೀರು ಜಿನುಗುತ್ತಿತ್ತು. ಜಿನುಗುತ್ತಿತ್ತೇ? ನಾನು ಒತ್ತಿ ನೋಡಿದ್ದೆನೇ? ಅಮ್ಮ ಬರೀ ತೇವ ಇತ್ತು ಅಷ್ಟೆ ಎನ್ನುತ್ತಾಳೆ. ತೇವ ಎಂದೇ ಇಟ್ಟುಕೊಳ್ಳೋಣ.

ದಿನವೂ ಸಂಜೆ ಫೋನು ಮಾಡುವ ಗಂಡ ಹವಾಮಾನ ಓದಿ ಹೇಳುತ್ತಿದ್ದ. ಅವನ ಫೋನಿನಲ್ಲಿ ಎರಡು ಸಂಖ್ಯೆ ಬರುತ್ತಿದ್ದವು. ಒಂದು, ಎಷ್ಟು ಬಿಸಿಯಿದೆ ಎಂಬುದು. ಅದರ ಕೆಳಗೆ ಚಿಕ್ಕದಾಗಿ ಇನ್ನೊಂದು, ಎಷ್ಟು ಅನಿಸುತ್ತದೆ ಎಂಬುದು. ಗಾಳಿಯಲ್ಲಿ ನೀರಿನ ಪಸೆ ಹೆಚ್ಚಾದರೆ ಎರಡನೆಯದು ಏರುತ್ತದೆ, ಗಾಳಿ ಬೀಸಿದರೆ ಇಳಿಯುತ್ತದೆ ಎಂದು ವಿವರಿಸುತ್ತಿದ್ದ. ಅವನ ಮಾತು ಕೇಳಿ ನನಗೆ ರೇಗುತ್ತಿತ್ತು. ಅವನು ಓದುತ್ತಿದ್ದದ್ದು ಊರಿನ ಸಂಖ್ಯೆ. ನನ್ನ ಕೋಣೆಯ ಹವಾಮಾನ ಯಾವ ಫೋನಿಗೂ ಗೊತ್ತಿರಲಿಲ್ಲ. ಈ ಬರಹದಲ್ಲಿ ನಾನು ಕೊಡುತ್ತಿರುವುದೂ ಬಹುಶಃ ಆ ಎರಡನೆಯ, ಚಿಕ್ಕ ಸಂಖ್ಯೆಯನ್ನೇ, ಮೊದಲನೆಯದು ನನ್ನಲ್ಲಿಲ್ಲ.

ಸೆಕೆ ತಡೆಯಲಾರೆ ಎಂದು ನಾನು ಒಂದು ಮಧ್ಯಾಹ್ನ ಅತ್ತೆ. ಬಾಣಂತಿ ಕಣ್ಣೀರು ಹಾಕಬಾರದೆಂಬ ಇನ್ನೊಂದು ನಿಯಮ ಇದ್ದದ್ದರಿಂದ ಅಜ್ಜಿ ಕರಗಿದಳು. ತನ್ನೊಂದು ಹತ್ತಿ ಸೀರೆಯನ್ನು ನೀರಿನಲ್ಲಿ ಅದ್ದಿ ಹಿಂಡಿ ಕಿಟಕಿಗೆ ಅಡ್ಡಲಾಗಿ ಒಳಗಡೆಯಿಂದ ಕಟ್ಟಿದಳು. ಅವಳ ಊರಿನಲ್ಲಿ ಬೇಸಿಗೆ ಕಳೆಯುವುದು ಹಾಗೆಯೇ. ರಜೆಗೆ ಹೋದಾಗ ಆ ಸುಖವನ್ನು ನಾನೇ ಉಂಡಿದ್ದೇನೆ. ಅಲ್ಲಿಯದು ಸೆಕೆಯಲ್ಲ, ಝಳ. ಒಣಗಾಳಿ ಮುಖಕ್ಕೆ ರಾಚುತ್ತದೆ, ತುಟಿ ಒಡೆಯುತ್ತದೆ, ಬೆವರು ಬಂದದ್ದೇ ಗೊತ್ತಾಗದಂತೆ ಹಾರಿಹೋಗುತ್ತದೆ. ಅಲ್ಲಿ ಬಾಗಿಲಿಗೆ ಒದ್ದೆ ಸೀರೆ ಕಟ್ಟಿದರೆ ಆ ಗಾಳಿ ಅದರೊಳಗಿಂದ ತೂರಿಕೊಂಡು ತಣ್ಣಗಾಗಿ ಬರುತ್ತಿತ್ತು. ಆ ಸೀರೆಯ ಕೆಳಗೆ ಮಲಗಲು ಮೊಮ್ಮಕ್ಕಳೆಲ್ಲ ಜಗಳವಾಡುತ್ತಿದ್ದೆವು.

ವಿಜಯನಗರದ ಕೋಣೆಯಲ್ಲಿ ಸೀರೆ ಇತ್ತು, ನೀರಿತ್ತು. ಗಾಳಿ ಇರಲಿಲ್ಲ. ಮುಚ್ಚಿದ ಕಿಟಕಿಯ ಮೇಲೆ ಒದ್ದೆ ಸೀರೆ ಸುಮ್ಮನೆ ಜೋತುಬಿದ್ದಿತ್ತು. ಅದರ ನೀರೆಲ್ಲ ಮೆಲ್ಲಗೆ ಕೋಣೆಯ ಗಾಳಿಗೇ ಇಳಿಯಿತು. ಒಣಗಿದಂತೆ ಕಂಡಾಗ ಅಜ್ಜಿ ಪ್ರೀತಿಯಿಂದ ಮತ್ತೆ ಅದ್ದಿ ತರುತ್ತಿದ್ದಳು. ಈಗ ಹೀಗೆ ಬಿಡಿಸಿ ಬರೆಯುವುದು ಸುಲಭ. ಆಗ ಅದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಬಟ್ಟೆ ತಂಪು, ಮುಟ್ಟಿದರೆ ಕೈಗೆ ತಂಪು. ಹಾಗಿದ್ದೂ ಕೋಣೆ ಏಕೆ ಬೇಯುತ್ತಿದೆ ಎಂದು ನಾನು ಕೇಳಿಕೊಳ್ಳಲೇ ಇಲ್ಲ. ಇನ್ನೂ ಒಂದು ಸೀರೆ ಕಟ್ಟು ಎಂದು ನಾನೇ ಹೇಳಿದ್ದೆ ಎಂದು ಅಮ್ಮ ಹೇಳುತ್ತಾಳೆ. ಇರಬಹುದು.

ಆ ದಿನ ಮಧ್ಯಾಹ್ನ ಮೋಡ ಕಟ್ಟಿ ಗಾಳಿ ಪೂರ್ತಿ ನಿಂತಿತು. ಸಂಜೆಗೆ ಮುಂಚೆ ಹಾಲು ಕುಡಿಸಲು ಎತ್ತಿಕೊಂಡಾಗ ಮಗಳ ಕತ್ತು ನನ್ನ ಮೊಣಕೈಗೆ ಬಿಸಿ ಇಸ್ತ್ರಿಪೆಟ್ಟಿಗೆಯಂತೆ ತಾಗಿತು. ಕೆನ್ನೆ ಕೆಂಪಾಗಿತ್ತು. ಕುಡಿಯಲು ಬಾಯಿ ಹಾಕಿದಳು, ಬಿಟ್ಟಳು, ಸಣ್ಣಗೆ ಕೊರಗುವ ಹಾಗೆ ದನಿ ತೆಗೆದಳು. ಅಮ್ಮ ಥರ್ಮಾಮೀಟರು ಹುಡುಕಿ ತಂದಳು. ಅದು ಜ್ವರ ತೋರಿಸಿತು. ಸಂಖ್ಯೆ ಎಷ್ಟೆಂದು ಮೂವರೂ ನೋಡಿದೆವು. ಇವತ್ತು ಕೇಳಿದರೆ ಮೂವರೂ ಬೇರೆ ಬೇರೆ ಹೇಳುತ್ತೇವೆ.

ಆಸ್ಪತ್ರೆಯಿಂದ ಕಳಿಸುವಾಗ ಹೇಳಿದ್ದ ಒಂದು ಮಾತು ಮಾತ್ರ ನನ್ನ ಕಿವಿಯಲ್ಲಿ ಸ್ಪಷ್ಟವಾಗಿತ್ತು. ಮೊದಲ ತಿಂಗಳಲ್ಲಿ ಜ್ವರ ಬಂದರೆ ಮನೆಮದ್ದು ಬೇಡ, ಕಾಯುವುದೂ ಬೇಡ, ನೇರವಾಗಿ ಮಕ್ಕಳ ಡಾಕ್ಟರಿಗೆ ತೋರಿಸಿ. ಅಜ್ಜಿಗೂ ಆ ಹೊತ್ತಿನಲ್ಲಿ ವಾದ ಇರಲಿಲ್ಲ. ಗಾಳಿ ಎಲ್ಲಿಂದಲೋ ಹೊಕ್ಕಿದೆ ಎಂದಷ್ಟೇ ಹೇಳಿ ಮಗುವಿಗೆ ಇನ್ನೊಂದು ದುಪ್ಪಟಿ ಸುತ್ತಿದಳು.

ಮಕ್ಕಳ ಡಾಕ್ಟರ ಕ್ಲಿನಿಕ್ಕು ಬಸವೇಶ್ವರನಗರದಲ್ಲಿ. ಅಲ್ಲಿಗೇ ಬಾ ಎಂದು ಗಂಡನಿಗೆ ಫೋನು ಮಾಡಿ ಹೊರಟೆವು. ಆಟೋದ ಒಂದು ಬದಿಯಲ್ಲಿ ಅಮ್ಮ, ಇನ್ನೊಂದು ಬದಿಯಲ್ಲಿ ಅಜ್ಜಿ, ಇಬ್ಬರೂ ಸೆರಗು ಹಿಡಿದು ಗಾಳಿಗೆ ಅಡ್ಡ ಮಾಡಿದ್ದರು. ನಡುವೆ ನಾನು, ಮಡಿಲಲ್ಲಿ ಗಂಟಿನಂತೆ ಮಗು. ಸಿಗ್ನಲ್ಲಿನಲ್ಲಿ ಆಟೋ ನಿಂತಾಗ ಪಕ್ಕದ ಸ್ಕೂಟರಿನ ಹೆಂಗಸು ನಮ್ಮ ಡೇರೆಯೊಳಗೆ ಇಣುಕಿ ನೋಡಿದಳು. ಇದನ್ನು ನಾನು ಕಲ್ಪಿಸಿಕೊಂಡಿಲ್ಲ ಎಂದು ಸಾಕಷ್ಟು ಖಾತ್ರಿಯಿದೆ. ಅವಳು ಏನನ್ನೋ ತಿನ್ನುತ್ತಿದ್ದಳು, ನನಗೆ ಅವಳ ಮೇಲೆ ವಿನಾಕಾರಣ ಸಿಟ್ಟು ಬಂದಿತ್ತು.

ಡಾಕ್ಟರು ನಡುವಯಸ್ಸಿನ ಹೆಂಗಸು. ನಮ್ಮ ಸರದಿಯಲ್ಲದಿದ್ದರೂ ಮಗುವಿನ ವಯಸ್ಸು ಕೇಳಿದ ಕೂಡಲೇ ಒಳಗೆ ಕರೆದರು. ಮೇಜಿನ ಮೇಲೆ ಮಲಗಿಸಿ ಒಂದೊಂದೇ ಬಟ್ಟೆ ಬಿಚ್ಚತೊಡಗಿದರು. ದುಪ್ಪಟಿ, ಸುತ್ತಿದ ಬಟ್ಟೆ, ಅದರೊಳಗಿನ ಬಟ್ಟೆ, ಉಣ್ಣೆ. ಬಿಚ್ಚುವುದು ಮುಗಿಯುತ್ತಲೇ ಇರಲಿಲ್ಲ. ಬಟ್ಟೆಗಳ ರಾಶಿ ಮಗುವಿಗಿಂತ ದೊಡ್ಡದಾದಾಗ ಒಮ್ಮೆ ನನ್ನ ಸ್ವೆಟರನ್ನೂ ಸ್ಕಾರ್ಫನ್ನೂ ನೋಡಿದರು. ಮಗುವಿನ ಕತ್ತಿನ ಮಡಿಕೆಯಲ್ಲಿ, ಎದೆಯ ಮೇಲೆ, ಕೆಂಪು ಬೆವರುಸಾಲೆ. ನೆತ್ತಿ ಮುಟ್ಟಿದರು, ಎದೆಗೆ ಕೊಳವೆ ಇಟ್ಟು ಕೇಳಿದರು, ಅಂಗಾಲನ್ನು ತಟ್ಟಿ ಅಳಿಸಿದರು. ಜ್ವರ ನೋಡಿದರು. ಇತ್ತು.

"ನೋಡಿಮ್ಮ, ಇಷ್ಟು ಚಿಕ್ಕ ಮಗೂಗೆ ಜ್ವರ ಅಂದ್ರೆ ನಾವು ತಡ ಮಾಡಲ್ಲ. ಇದು ಸೋಂಕಿನ ಜ್ವರನಾ, ಬಟ್ಟೆ ಬಿಸಿನಾ ಅಂತ ಮೊದ್ಲು ಗೊತ್ತಾಗ್ಬೇಕು. ಇಲ್ಲೇ ಗಾಳಿಗೆ ಸ್ವಲ್ಪ ಹೊತ್ತು ಇಟ್ಕೊಂಡು ಕೂತ್ಕೊಳ್ಳಿ. ಇಳೀಲಿಲ್ಲ ಅಂದ್ರೆ ಈಗ್ಲೇ ಅಡ್ಮಿಟ್. ರಕ್ತ ತೆಗೀಬೇಕು, ಬೆನ್ನಿಂದ ನೀರೂ ತೆಗೀಬೇಕಾಗುತ್ತೆ."

ಬೆನ್ನು ಎಂದಾಗ ನಾನು ಮಗಳ ಬೆನ್ನಿನ ಮೇಲೆ ಅಂಗೈ ಇಟ್ಟೆ. ಪೂರ್ತಿ ಬೆನ್ನು ನನ್ನ ಅಂಗೈಯೊಳಗೆ ಮುಚ್ಚಿಹೋಯಿತು.

ಕ್ಲಿನಿಕ್ಕಿನ ಹೊರಗೆ ಓಣಿಯಂಥ ವರಾಂಡ, ತುದಿಯಲ್ಲಿ ಎರಡು ಕದದ ಕಿಟಕಿ. ಒಂದು ಕದ ತೆರೆದಿತ್ತು. ಅದರ ಕೆಳಗಿನ ಬೆಂಚಿನ ಮೇಲೆ, ತೆಳು ಜುಬ್ಬ ಒಂದನ್ನೇ ಹಾಕಿದ ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡು ಕೂತೆ. ಇಲ್ಲಿಂದ ಮುಂದಿನದನ್ನು ಎಷ್ಟು ಸಲ ಹೇಳಿದ್ದೇನೆಂದರೆ ಹೇಳಿ ಹೇಳಿ ಅದಕ್ಕೆ ಹೊಳಪು ಬಂದುಬಿಟ್ಟಿದೆ. ಆ ಹೊಳಪನ್ನು ಕೆರೆದು ನೋಡಿದರೆ ಉಳಿಯುವುದು ಇಷ್ಟು: ಗೋಡೆಯ ಮೇಲೆ ಲಸಿಕೆಯ ಚಿತ್ರ, ಎದುರಿಗೆ ಕೂತಿದ್ದ ಯಾರದೋ ಚಪ್ಪಲಿ, ಮಗಳ ಹೊಟ್ಟೆ ಏರಿಳಿಯುವುದು. ಕಾಯಿಲೆಯಾಗಿದ್ದರೆ ಎಂಬ ಯೋಚನೆಯನ್ನು ನಾನು ಪೂರ್ತಿ ಮಾಡಲಿಲ್ಲ. ಅದು ಬರುವಾಗಲೆಲ್ಲ ಅವಳ ಹೊಟ್ಟೆ ನೋಡುತ್ತಿದ್ದೆ. ಅಮ್ಮನ ತುಟಿ ಅಲುಗುತ್ತಿತ್ತು. ಶಿವಶಿವಾ ಎನ್ನುವುದು ಕೇಳಿಸದಿದ್ದರೂ ಗೊತ್ತಾಗುತ್ತಿತ್ತು.

ಅಜ್ಜಿ ನನ್ನ ಮತ್ತು ಕಿಟಕಿಯ ನಡುವೆ ಬಂದು ಬೆಂಚಿನ ತುದಿಗೆ ಕೂತಳು. ಮೊದಲು ನನಗೆ ಅರ್ಥವಾಗಲಿಲ್ಲ. ಅವಳು ಕಿಟಕಿಗೆ ಬೆನ್ನು ಮಾಡಿ, ಸೆರಗನ್ನು ಭುಜದ ತುಂಬ ಹರಡಿಕೊಂಡು, ಗೋಡೆಯ ಹಾಗೆ ನೆಟ್ಟಗೆ ಕೂತಿದ್ದಳು. ಕಿಟಕಿಯನ್ನು ಮುಚ್ಚುವ ಅಧಿಕಾರ ಅಲ್ಲಿ ಅವಳಿಗಿರಲಿಲ್ಲ. ಆದ್ದರಿಂದ ತಾನೇ ಕದವಾಗಿದ್ದಳು. ಗಾಳಿ ಅವಳ ಬೆನ್ನಿಗೆ ಬಡಿದು ಅಲ್ಲಿಯೇ ನಿಲ್ಲುತ್ತಿತ್ತು. ನನ್ನ ಮಡಿಲಿಗೆ ಏನೂ ತಲುಪುತ್ತಿರಲಿಲ್ಲ. ಅವಳ ಮುಖ ನೋಡಿದೆ. ಅಲ್ಲಿ ಹಟ ಇರಲಿಲ್ಲ, ಬರೀ ಭಯ ಇತ್ತು.

ಅಮ್ಮ ಜಪ ನಿಲ್ಲಿಸಿದಳು. ನನಗೆ ತಿಳಿದ ಮಟ್ಟಿಗೆ ಅಮ್ಮ ತನ್ನ ತಾಯಿಗೆ ಎದುರಾಡಿದವಳಲ್ಲ. ನನ್ನ ಬಾಣಂತನದುದ್ದಕ್ಕೂ ನಮ್ಮಿಬ್ಬರ ಮಾತಿಗೂ ತಲೆಯಾಡಿಸುತ್ತ ನೀರು ಕಾಯಿಸಿದವಳು.

"ಅವ್ವಾ, ಏಳು. ಗಾಳಿ ಬರ್ಲಿ."

ಅಷ್ಟೇ. ದನಿ ಏರಿಸಲಿಲ್ಲ. ಅಜ್ಜಿ ಅವಳನ್ನು ನೋಡಿದಳು. ನಾನು ಒಂದು ದೊಡ್ಡ ಮಾತಿನ ಚಕಮಕಿಗೆ ಕಾದೆ. ಅಜ್ಜಿ ಮೊಣಕಾಲಿಗೆ ಕೈ ಊರಿ ಎದ್ದು ಎದುರಿನ ಬೆಂಚಿಗೆ ಹೋಗಿ ಕೂತಳು. ಅವಳು ಎದ್ದ ಜಾಗದಿಂದ ಗಾಳಿ ಒಳಗೆ ಬಂತು.

ಜೋರು ಗಾಳಿಯಲ್ಲ. ಮೋಡದ ಸಂಜೆಯ, ಇನ್ನೂ ತೂಕವಿರುವ ಗಾಳಿ. ಆದರೂ ಚಲಿಸುವ ಗಾಳಿ. ನನ್ನ ಹಣೆಯ ಬೆವರು ಒಂದು ಬದಿಯಿಂದ ಆರತೊಡಗಿತು. ಯಾವಾಗಲೋ ಸ್ವೆಟರು ತೆಗೆದುಬಿಟ್ಟಿದ್ದೆ. ಮಗಳು ಗಾಳಿಗೆ ಒಮ್ಮೆ ಕಾಲು ಝಾಡಿಸಿದಳು, ಬೆರಳುಗಳು ಬಿಚ್ಚಿಕೊಂಡವು. ಹುಟ್ಟಿದಾಗಿನಿಂದ ಅವಳ ಕಾಲನ್ನು ಇಷ್ಟು ಹೊತ್ತು ನಾನು ನೋಡಿಯೇ ಇರಲಿಲ್ಲ. ಆಮೇಲೆ ಅವಳು ತಲೆ ಹೊರಳಿಸಿ ನನ್ನ ಅಂಗಿಗೆ ಬಾಯಿ ಉಜ್ಜಿದಳು. ಕುಡಿಸಿದೆ. ಈ ಸಲ ಬಿಡಲಿಲ್ಲ. ಎಳೆದು ಎಳೆದು, ಹಸಿದವರ ಹಾಗೆ ಕುಡಿದಳು. ಅಮ್ಮ ಕುಡೀತಿದಾಳಾ ಎಂದು ಕೇಳಿದಳು. ನಾನು ಹೂಂ ಎಂದೆ. ಅಮ್ಮ ಎದುರಿನ ಬೆಂಚಿಗೆ ತಿರುಗಿ, ಕುಡೀತಿದಾಳೆ, ಎಂದು ಹೇಳಿದಳು, ಅಜ್ಜಿ ಬೇರೆ ಊರಿನಲ್ಲಿ ಕೂತಿದ್ದಾಳೇನೋ ಎಂಬಂತೆ.

ಡಾಕ್ಟರು ಬಂದು ನೋಡಿದರು. ಇಳಿದಿತ್ತು. ಪೂರ್ತಿಯಲ್ಲ, ಇಳಿದಿತ್ತು. ಇನ್ನೂ ಸ್ವಲ್ಪ ಹೊತ್ತು ಎಂದು ಹೋದರು. ಮತ್ತೆ ಬಂದು ನೋಡಿದಾಗ ಎಲ್ಲ ಮಕ್ಕಳ ಮೈ ಎಷ್ಟು ಬಿಸಿಯಿರುತ್ತದೆಯೋ ಅಷ್ಟೇ ಇತ್ತು. ಅವರು ಆಗಲೂ ನಗಲಿಲ್ಲ. ಇನ್ನೊಮ್ಮೆ ಎದೆ ಕೇಳಿ, ನೆತ್ತಿ ಮುಟ್ಟಿ, ಕಣ್ಣು ಬಿಡಿಸಿ ನೋಡಿದರು. ಆಮೇಲೆ ಅಡ್ಮಿಟ್ ಬೇಡ ಎಂದರು. ನಾಳೆ ಬೆಳಿಗ್ಗೆ ಮತ್ತೆ ತೋರಿಸಬೇಕು, ನಡುವೆ ಬಿಸಿಯಾದರೆ, ಹಾಲು ಬಿಟ್ಟರೆ, ಮಂಕಾದರೆ ನೇರ ದೊಡ್ಡಾಸ್ಪತ್ರೆಗೆ. ಕೋಣೆಯ ಬಗ್ಗೆ ವಿಚಾರಿಸಿದರು. ಗೋಡೆ ಬೆವರುತ್ತದೆಯೇ ಎಂದು ಅವರು ಕೇಳಿದಾಗ ಅಮ್ಮ ಕಳ್ಳತನ ಸಿಕ್ಕಿಬಿದ್ದವಳಂತೆ ಹೌದೆಂದಳು. ಒದ್ದೆ ಸೀರೆಯ ವಿಷಯವೂ ಹೊರಬಂತು.

ಅವರು ಅಜ್ಜಿಯ ಪಕ್ಕ ಕೂತು ಯಾವೂರು ಎಂದು ಕೇಳಿದರು. ಹೇಳಿದ ಮೇಲೆ, ಅಲ್ಲಿಗೆ ಸೀರೆ ಸರಿ, ಅಲ್ಲಿ ಒಣಗಾಳಿ ಒಳಗೆ ಬಂದು ನೀರನ್ನು ಎತ್ತಿಕೊಂಡು ಹೋಗುತ್ತದೆ, ಇಲ್ಲಿ ಮುಚ್ಚಿದ ಕೋಣೆಯಲ್ಲಿ ನೀರು ಎಲ್ಲಿಗೆ ಹೋಗಬೇಕು ಎಂದರು. ಅಜ್ಜಿ ಕೇಳಿದ ಪ್ರಶ್ನೆ ಒಂದೇ. ಹಾಗಾದರೆ ನೀರು ಹಾಕಿಕೊಂಡು ಬಂದಾಗ ಹುಡುಗಿ ಗಾಳಿಗೆ ನಡುಗುವುದು ಸುಳ್ಳೇ?

"ಸುಳ್ಳಲ್ಲ ಅಜ್ಜಿ, ಅದು ನಿಮ್ದು ಸರಿ. ಒದ್ದೆ ಮೈಗೆ ಗಾಳಿ ಬಿದ್ರೆ ಮೈ ಬಿಸಿ ಎಲ್ಲಾ ಎಳ್ಕೊಂಡು ಹೋಗುತ್ತೆ. ಕೂಸಿಗಂತೂ ಒಂದು ನಿಮಿಷನೂ ಒದ್ದೆ ಬಿಡ್ಬೇಡಿ. ಚೆನ್ನಾಗಿ ಒರೆಸಿ, ಒಣಗಿಸಿ, ಆಮೇಲೆ ಕಿಟಕಿ ತೆಗೀರಿ."

ಒರೆಸುವುದು ತನ್ನ ಕೆಲಸವೆಂದು ಅಜ್ಜಿ ಸ್ವಲ್ಪ ಬಿಗುಮಾನದಿಂದಲೇ ಹೇಳಿದಳು. ಅರ್ಧ ಸರಿ ಎನಿಸಿಕೊಂಡದ್ದು ಅವಳಿಗೆ ಸಾಕಾಗಿತ್ತು ಎಂದು ನನ್ನ ಊಹೆ. ಅವಳು ಈ ಊಹೆಯನ್ನು ಒಪ್ಪುವುದಿಲ್ಲ. ಡಾಕ್ಟರಮ್ಮ ತನ್ನ ಮಾತನ್ನೇ ತಿರುಗಿಸಿ ಹೇಳಿದಳು ಎಂಬುದು ಅವಳ ನಿಲುವು. ಡಾಕ್ಟರು ಒಳಗೆ ಹೋದ ಮೇಲೆ ಅವಳು ಎದ್ದು ಕಿಟಕಿಯ ಹತ್ತಿರ ಹೋದಳು. ಮುಚ್ಚಿದ್ದ ಇನ್ನೊಂದು ಕದದ ಚಿಲಕ ಬಿಗಿಯಾಗಿತ್ತು. ಎರಡು ಸಲ ಎಳೆದು, ನಮ್ಮ ಕಡೆ ತಿರುಗದೆ ಕೇಳಿದಳು.

"ಇದನ್ನೂ ತೆಗೀಲೇನು?"

ಅಮ್ಮ ಹೋಗಿ ಕೈ ಜೋಡಿಸಿದಳು. ಕದ ಕಿರುಗುಟ್ಟುತ್ತ ತೆರೆಯಿತು.

ಇಲ್ಲಿಂದ ಮುಂದಿನದು ನನ್ನದಲ್ಲ, ಗಂಡ ಹೇಳಿದ್ದು. ಅವನು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದಾಗ ವರಾಂಡದಲ್ಲಿ ಯಾರ ಮುಖದಲ್ಲೂ ಗಾಬರಿ ಇರಲಿಲ್ಲವಂತೆ. ಮಗು ನನ್ನಮ್ಮನ ಮಡಿಲಲ್ಲಿ ಕಾಲು ಬಿಟ್ಟುಕೊಂಡು ಮಲಗಿತ್ತಂತೆ. ನಾನು ಗೋಡೆಗೆ ತಲೆ ಆನಿಸಿ, ಬಾಯಿ ತೆರೆದು, ಸಣ್ಣಗೆ ಗೊರಕೆ ಹೊಡೆಯುತ್ತ ನಿದ್ದೆ ಹೋಗಿದ್ದೆನಂತೆ. ಏನಾಯಿತು ಎಂದು ಕೇಳಲು ಅವನು ನನ್ನ ಭುಜ ಮುಟ್ಟಹೋದಾಗ ಅಜ್ಜಿ ತುಟಿಗೆ ಬೆರಳಿಟ್ಟು, ಪಕ್ಕಕ್ಕೆ ಸರಿದು ಅವನಿಗೆ ಜಾಗ ಮಾಡಿಕೊಟ್ಟಳಂತೆ. ಹೊಸ ಪೇಷೆಂಟುಗಳು ಬಂದರು, ಮಕ್ಕಳು ಅತ್ತರು, ಹೆಸರು ಕೂಗಿದರು. ನಾಲ್ವರೂ ನನ್ನನ್ನು ಎಬ್ಬಿಸದೆ ಕಾದರು.

ನಾಲ್ವರು ಎನ್ನುವಾಗ ಅವನು ಮಗಳನ್ನೂ ಸೇರಿಸಿಕೊಳ್ಳುತ್ತಾನೆ.